ಕೆಟ್ಟ ಬಿಟ್, ಒಳ್ಳೆಯ ರ‍್ಯಾಮ್

ಒಂದೇ ಒಂದು ಬಿಟ್ ಕೈಕೊಟ್ಟರೂ ಅಂಗಡಿಯವರು ಇಡೀ ರ‍್ಯಾಮ್ ಬದಲಿಸಿ ಅನ್ನುತ್ತಾರೆ. ರ‍್ಯಾಮನ್ನು ಬೋರ್ಡಿಗೇ ಬೆಸೆದ ಲ್ಯಾಪ್‌ಟಾಪಾದರೆ ಬೋರ್ಡೇ ಹೋಯಿತು. ಈ ದುಂದಿಗೆ ಲಿನಕ್ಸ್ ಲೋಕ ಕಂಡುಕೊಂಡ ಉತ್ತರ ನನಗೆ ಬಲು ಇಷ್ಟ. ನೆದರ್ಲೆಂಡ್ಸಿನ ರಿಕ್ ವಾನ್ ರೈನ್ ಬರೆದ ಬ್ಯಾಡ್‌ರ‍್ಯಾಮ್ ಎಂಬ ಪ್ಯಾಚ್ ಕೆಟ್ಟ ಜಾಗವನ್ನು ರಿಪೇರಿ ಮಾಡುವುದಿಲ್ಲ. ಅಲ್ಲಿ ಯಾರೂ ಕಾಲಿಡದಂತೆ ನೋಡಿಕೊಳ್ಳುತ್ತದೆ, ಅಷ್ಟೇ.

ಮೊದಲು ಮೆಮ್‌ಟೆಸ್ಟ್ ಎಂಬ ಪರೀಕ್ಷಾ ತಂತ್ರಾಂಶ ಗಂಟೆಗಟ್ಟಲೆ ಓಡಿ ದೋಷದ ವಿಳಾಸ ಹುಡುಕುತ್ತದೆ. ಲಿನಕ್ಸಿನ ತಿರುಳಾದ ಕರ್ನಲ್ ಮೆಮೊರಿಯನ್ನು ಸಾಮಾನ್ಯವಾಗಿ 4 ಕಿಲೋಬೈಟಿನ ಪುಟಗಳಾಗಿ ಹಂಚುವುದರಿಂದ, 8 ಗಿಗಾಬೈಟಿನ ಸುಮಾರು 20 ಲಕ್ಷ ಪುಟಗಳಲ್ಲಿ ಒಂದನ್ನು ಬಿಟ್ಟುಕೊಟ್ಟರೂ ಸಾಕಾಗಬಹುದು. ಇನ್ನೂ ಸೊಗಸಾದದ್ದು ಮಾಸ್ಕ್, ಅಂದರೆ ವಿಳಾಸದ ಯಾವ ಬಿಟ್‌ಗಳು ಹೊಂದಬೇಕೆಂದು ಹೇಳುವ ಸಂಖ್ಯೆ. ಚಿಪ್‌ನ ಒಂದು ಸಾಲೇ ಕೆಟ್ಟರೆ ದೋಷಗಳು ಒಂದು ಲಯದಲ್ಲಿ ಮರುಕಳಿಸುತ್ತವೆ. ಒಂದು ವಿಳಾಸ, ಒಂದು ಮಾಸ್ಕ್, ಈ ಜೋಡಿಯಲ್ಲೇ ಅಷ್ಟೂ ಅಡಗುತ್ತವೆ. ಈಗ ಲಿನಕ್ಸನ್ನು ಚಾಲೂ ಮಾಡುವ ಗ್ರಬ್ ಎಂಬ ಬೂಟ್‌ಲೋಡರ್‌ನಲ್ಲೂ ಈ ಸೌಲಭ್ಯವಿದೆ, ಒಂದು ಸಾಲು ಬರೆದರಾಯಿತು. ದಿನಕ್ಕೊಂದು ಕಡೆ ಕಾಣಿಸುವ ದೋಷಕ್ಕೆ ಮಾತ್ರ ಇದು ಮದ್ದಲ್ಲ.

ಅಂದಹಾಗೆ, ಬ್ರಿಟನ್ನಿನ ಸಿಂಕ್ಲೇರ್ ಕಂಪನಿ 1982ರಲ್ಲೇ 48ಕೆ ಸ್ಪೆಕ್ಟ್ರಮ್ ಎಂಬ ತನ್ನ ಕಂಪ್ಯೂಟರಿಗೆ ಅರ್ಧ ಕೆಟ್ಟ 64 ಕಿಲೋಬಿಟ್ ಚಿಪ್‌ಗಳನ್ನು ಅಗ್ಗಕ್ಕೆ ಕೊಂಡು, ಸರಿಯಿದ್ದ ಅರ್ಧವನ್ನಷ್ಟೇ ಬಳಸಿತ್ತು. ಯಾವ ಅರ್ಧ ಎಂಬುದನ್ನು ಬೋರ್ಡಿನ ಮೇಲಿನ ಒಂದು ತುಂಡು ತಂತಿ ತೀರ್ಮಾನಿಸುತ್ತಿತ್ತು.