ಹಾಡುವ ಪೆಟ್ಟಿಗೆಯ ಕೀಲಿ ಯಾರ ಕೈಯಲ್ಲಿ?

ವೈ-ಫೈ ಸ್ಪೀಕರುಗಳ ವಿಮರ್ಶೆಗಳಲ್ಲಿ ದನಿಯ ಗುಣ, ಬಾಸ್, ಬಣ್ಣ, ಬೆಲೆಗಳಿಗೆ ಪ್ಯಾರಾಗಟ್ಟಲೆ ಜಾಗ ಸಿಗುತ್ತದೆ. ಸೆಟಪ್ ವಿಷಯಕ್ಕೆ ಬಂದರೆ 'ಐದೇ ನಿಮಿಷದಲ್ಲಿ ಮುಗಿಯಿತು' ಎಂಬ ಒಂದು ಸಾಲು ಬರೆದು ಮುಂದೆ ಹೋಗಿಬಿಡುತ್ತಾರೆ. ಆ ಸಾಲಿನ ಮೇಲೆ ನನಗೆ ತಕರಾರಿದೆ. ಸ್ಪೀಕರನ್ನು ಮನೆಯ ನೆಟ್‌ವರ್ಕಿಗೆ ಸೇರಿಸುವ ಆ ಐದು ನಿಮಿಷದಲ್ಲೇ ತಯಾರಕರು ಮಾಲೀಕನನ್ನು ಎಷ್ಟು ಗೌರವಿಸುತ್ತಾರೆ ಎಂಬುದು ಗೊತ್ತಾಗಿಬಿಡುತ್ತದೆ. ನಮ್ಮ ಪಾಸ್‌ವರ್ಡ್ ಯಾರ ಕೈ ದಾಟಿ ಹೋಯಿತು, ಸ್ಪೀಕರ್ ಯಾರ ಮಾತು ಕೇಳುತ್ತದೆ, ಕಂಪನಿ ಕೈಬಿಟ್ಟ ಮೇಲೂ ಅದು ಹಾಡುತ್ತದೆಯೇ ಎಂಬ ಪ್ರಶ್ನೆಗಳಿಗೆ ಉತ್ತರ ಇರುವುದು ಸೆಟ್ಟಿಂಗ್ಸಿನ ಪುಟಗಳಲ್ಲಿ. ಈ ಅಳತೆಗೋಲು ಹಿಡಿದು ಹಳೆಯ ಸ್ಕ್ವೀಜ್‌ಬಾಕ್ಸ್ ರೇಡಿಯೊವನ್ನೂ ಇಂದಿನ ಸ್ಪೀಕರುಗಳ ರೂಢಿಯನ್ನೂ ಅಕ್ಕಪಕ್ಕ ಇಟ್ಟು ನೋಡಬೇಕೆನಿಸುತ್ತದೆ.

ಕ್ಯಾಲಿಫೋರ್ನಿಯಾದ ಸ್ಲಿಮ್ ಡಿವೈಸಸ್ ಎಂಬ ಪುಟ್ಟ ಕಂಪನಿ 2001ರಲ್ಲಿ ಒಂದು ಪ್ಲೇಯರ್ ತಂದಿತು. ಕಂಪ್ಯೂಟರಿನಲ್ಲಿ ಕೂಡಿಟ್ಟ ಹಾಡುಗಳನ್ನು ನೆಟ್‌ವರ್ಕ್ ಕೇಬಲಿನಿಂದ ಪಡೆದು ಸ್ಟೀರಿಯೊಗೆ ಒಪ್ಪಿಸುವುದು ಅದರ ಕೆಲಸ. 2003ರಲ್ಲಿ ವೈ-ಫೈ ಇರುವ ಸ್ಕ್ವೀಜ್‌ಬಾಕ್ಸ್ ಬಂತು. 2006ರಲ್ಲಿ ಲಾಜಿಟೆಕ್ ಆ ಕಂಪನಿಯನ್ನು ಕೊಂಡಿತು. 2009ರಲ್ಲಿ ಬಂದ ಸ್ಕ್ವೀಜ್‌ಬಾಕ್ಸ್ ರೇಡಿಯೊದಲ್ಲಿ ಸ್ಪೀಕರ್, ಬಣ್ಣದ ಸಣ್ಣ ಪರದೆ, ತಿರುಗಿಸುವ ಗುಂಡಿ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿದ್ದವು. 2012ರಲ್ಲಿ ಲಾಜಿಟೆಕ್ ಈ ಸಾಲನ್ನೇ ನಿಲ್ಲಿಸಿತು. ಕಂಪ್ಯೂಟರಿನಿಂದ ಹಾಡು ಕಳಿಸುವ ಸರ್ವರ್ ತಂತ್ರಾಂಶ ಮಾತ್ರ ಮೊದಲಿನಿಂದಲೂ ಮುಕ್ತ ತಂತ್ರಾಂಶವಾಗಿತ್ತು. ಈ ಒಂದು ಸಂಗತಿ ಮುಂದೆ ಎಷ್ಟು ದೊಡ್ಡದಾಯಿತು ಎಂಬುದಕ್ಕೆ ಆಮೇಲೆ ಬರುತ್ತೇನೆ.

ರೇಡಿಯೊದ ಸೆಟಪ್ ನಡೆಯುವುದು ಅದರ ಪರದೆಯ ಮೇಲೆಯೇ, ಫೋನಿನ ಹಂಗಿಲ್ಲ. ಭಾಷೆ ಆರಿಸಿದ ಮೇಲೆ ಸುತ್ತಮುತ್ತಲಿನ ವೈ-ಫೈ ಹೆಸರುಗಳ ಪಟ್ಟಿ ಬರುತ್ತದೆ. ನಮ್ಮದನ್ನು ಆರಿಸಿದರೆ ಪಾಸ್‌ವರ್ಡ್ ಕೇಳುತ್ತದೆ. ಕೀಬೋರ್ಡ್ ಇಲ್ಲದ ಕಾರಣ ಗುಂಡಿ ತಿರುಗಿಸುತ್ತ ಹೋಗಬೇಕು. ಅಕ್ಷರಗಳು ಒಂದೊಂದಾಗಿ ಸರಿಯುತ್ತವೆ, ಬೇಕಾದದ್ದು ಬಂದಾಗ ಒತ್ತಬೇಕು. ದೊಡ್ಡಕ್ಷರ, ಚಿಕ್ಕಕ್ಷರ, ಅಂಕಿ, ಚಿಹ್ನೆಗಳನ್ನೆಲ್ಲ ಹೀಗೆಯೇ ಹುಡುಕಿ ಹಿಡಿಯಬೇಕು. ಇಪ್ಪತ್ತು ಅಕ್ಷರದ ಪಾಸ್‌ವರ್ಡ್ ಇಟ್ಟುಕೊಂಡವರ ಬೆರಳು ಸೋಲುತ್ತದೆ. ಒಂದು ಅಕ್ಷರ ತಪ್ಪಿದರೆ ಹಿಂದಕ್ಕೆ ಹೋಗಿ ತಿದ್ದಬೇಕು. ಇದು ನಿಜವಾದ ದೋಷ, ಯಾಕೆಂದರೆ ಪಾಸ್‌ವರ್ಡ್ ಬರೆಯುವುದು ಕಷ್ಟವಾದಷ್ಟೂ ಜನ ಸುಲಭದ ಪಾಸ್‌ವರ್ಡಿಗೆ ಇಳಿಯುತ್ತಾರೆ. ಆದರೆ ಈ ಕಷ್ಟದ ಒಳಗೆ ಒಂದು ಸ್ಪಷ್ಟತೆಯೂ ಇದೆ. ಮನೆಯ ಪಾಸ್‌ವರ್ಡ್ ನಮ್ಮ ಬೆರಳಿನಿಂದ ನೇರವಾಗಿ ಉಪಕರಣಕ್ಕೆ ಹೋಗುತ್ತದೆ. ನಡುವೆ ಆ್ಯಪ್ ಇಲ್ಲ, ಬೇರೆಯವರ ಸರ್ವರ್ ಇಲ್ಲ.

ಈ ರೇಡಿಯೊದಲ್ಲಿ ನಾನು ಮನಸಾರೆ ಮೆಚ್ಚುವುದು ಸೆಟ್ಟಿಂಗ್ಸಿನ ಆಳದಲ್ಲಿರುವ ಡಯಾಗ್ನಾಸ್ಟಿಕ್ಸ್ ಪುಟವನ್ನು. ಯಾವ ನೆಟ್‌ವರ್ಕ್, ಯಾವ ಬಗೆಯ ಎನ್‌ಕ್ರಿಪ್ಶನ್, ಸಿಗ್ನಲ್ ಎಷ್ಟು ಪ್ರತಿಶತ, ಐಪಿ ವಿಳಾಸ ಯಾವುದು, ಗೇಟ್‌ವೇ ಯಾವುದು, ಡಿಎನ್‌ಎಸ್ ಯಾವುದು ಎಂದು ಅದು ಸಾಲಾಗಿ ತೋರಿಸುತ್ತದೆ. ಸರ್ವರಿನ 3483 ಮತ್ತು 9000 ಎಂಬ ಎರಡು ಪೋರ್ಟುಗಳು ಉತ್ತರ ಕೊಡುತ್ತಿವೆಯೇ ಎಂದು ಪರೀಕ್ಷಿಸಿ ಹೇಳುತ್ತದೆ. ಹಾಡು ನಿಂತರೆ ಇಲ್ಲಿ ಬಂದು ನೋಡಿದರಾಯಿತು. ಸಿಗ್ನಲ್ ಕುಸಿದಿದ್ದರೆ ರೂಟರ್ ದೂರವಾಯಿತೆಂದು ಅರ್ಥ. ಐಪಿ ವಿಳಾಸ 169.254 ಎಂದು ಶುರುವಾಗಿದ್ದರೆ ರೂಟರ್ ವಿಳಾಸವನ್ನೇ ಕೊಟ್ಟಿಲ್ಲ. ವಿಳಾಸ ಸರಿಯಿದ್ದು 9000 ಮಾತ್ರ ಉತ್ತರಿಸದಿದ್ದರೆ ಕಂಪ್ಯೂಟರಿನ ಫೈರ್‌ವಾಲ್ ತಡೆಯುತ್ತಿರಬಹುದು. ಇವನ್ನು ತಿಳಿಯಲು ಎಂಜಿನಿಯರ್ ಆಗಬೇಕಿಲ್ಲ. ಒಮ್ಮೆ ಯಾರಾದರೂ ಹೇಳಿಕೊಟ್ಟರೆ ಸಾಕು. ತನ್ನ ಸ್ಥಿತಿಯನ್ನು ತೆರೆದಿಡುವ ಉಪಕರಣ ಬಳಸುವವರನ್ನು ನಿಧಾನವಾಗಿ ಜಾಣರನ್ನಾಗಿ ಮಾಡುತ್ತದೆ.

ಹಾಗೆಂದು ಇದರ ಸುರಕ್ಷತೆಯನ್ನು ಹೊಗಳುವಂತಿಲ್ಲ. ಮೊದಲ ಸ್ಕ್ವೀಜ್‌ಬಾಕ್ಸ್ ನೆಚ್ಚಿಕೊಂಡದ್ದು ವೆಪ್ ಎಂಬ ವೈ-ಫೈ ರಕ್ಷಣೆಯನ್ನು. ಆ ವಿಧಾನದ ಕೀಲಿಯನ್ನು ಗಾಳಿಯಲ್ಲಿ ಹರಿಯುವ ಮಾಹಿತಿಯಿಂದಲೇ ಬಿಡಿಸಿಕೊಳ್ಳಬಹುದೆಂದು ಫ್ಲೂರರ್, ಮಾಂಟಿನ್, ಶಮೀರ್ ಎಂಬ ಮೂವರು 2001ರಲ್ಲೇ ತೋರಿಸಿಕೊಟ್ಟಿದ್ದರು. 2005ರ ಮಾದರಿ ಬರುವವರೆಗೆ ಈ ಪ್ಲೇಯರುಗಳಿಗೆ ಅದಕ್ಕಿಂತ ಗಟ್ಟಿಯಾದ ಡಬ್ಲ್ಯುಪಿಎ ರಕ್ಷಣೆ ಸಿಗಲಿಲ್ಲ. 2009ರ ರೇಡಿಯೊ ಡಬ್ಲ್ಯುಪಿಎ2ವರೆಗೆ ಬಂದು ನಿಂತಿತು, ಅದೂ 2.4 ಗಿಗಾಹರ್ಟ್ಸ್ ತರಂಗದಲ್ಲಿ ಮಾತ್ರ. ರೂಟರನ್ನು ಬರೀ ಡಬ್ಲ್ಯುಪಿಎ3 ಕ್ರಮಕ್ಕೆ ಹಾಕಿದರೆ ಇದು ಹೊರಗೇ ಉಳಿಯುತ್ತದೆ. ದೂರದಿಂದ ಲಾಗಿನ್ ಆಗುವ ಸೌಲಭ್ಯ ಮೊದಲಿಗೆ ಮುಚ್ಚಿಯೇ ಇರುತ್ತದೆ ಎಂಬುದು ಸರಿ, ಆದರೆ ತೆರೆದರೆ ಅದರ ಪಾಸ್‌ವರ್ಡ್ 1234. ಎಲ್ಲ ಪೆಟ್ಟಿಗೆಗಳಿಗೂ ಅದೇ. ಸರ್ವರಿನಲ್ಲಿ ಪಾಸ್‌ವರ್ಡ್ ರಕ್ಷಣೆ, ಇಂತಿಂಥ ಐಪಿ ವಿಳಾಸಗಳಿಗೆ ಮಾತ್ರ ಪ್ರವೇಶ ಎಂಬ ಆಯ್ಕೆಗಳಿವೆ. ಆದರೆ ಪಾಸ್‌ವರ್ಡ್ ರಕ್ಷಣೆ ತಾನಾಗಿ ಚಾಲೂ ಆಗಿರುವುದಿಲ್ಲ, ಹುಡುಕಿ ಹಾಕಿಕೊಳ್ಳಬೇಕು. ಮಾಲೀಕನಿಗೆ ಎಲ್ಲವನ್ನೂ ತೋರಿಸಿದ ಈ ಪೆಟ್ಟಿಗೆ ಮನೆಯ ನೆಟ್‌ವರ್ಕಿನ ಒಳಗಿರುವ ಪ್ರತಿಯೊಬ್ಬರನ್ನೂ ಮಾಲೀಕರೆಂದೇ ನಂಬಿತು.

ಇಂದಿನ ಸ್ಪೀಕರುಗಳ ದಾರಿ ಬೇರೆ. ಪ್ಲಗ್ ಹಾಕಿದೊಡನೆ ಸ್ಪೀಕರ್ ಬ್ಲೂಟೂತಿನಲ್ಲೋ ತಾತ್ಕಾಲಿಕ ಹಾಟ್‌ಸ್ಪಾಟಿನಲ್ಲೋ ಕಾಣಿಸಿಕೊಳ್ಳುತ್ತದೆ. ಫೋನಿನ ಆ್ಯಪ್ ಅದನ್ನು ಹಿಡಿದು, ಖಾತೆ ತೆರೆಯಲು ಹೇಳಿ, ವೈ-ಫೈ ಪಾಸ್‌ವರ್ಡನ್ನು ದಾಟಿಸಿ, ಕೆಲಸ ಮುಗಿಸುತ್ತದೆ. ವಯಸ್ಸಾದವರೂ ಒಬ್ಬರೇ ಮಾಡಿಕೊಳ್ಳಬಹುದಾದಷ್ಟು ಇದು ಸುಲಭ. ಸುರಕ್ಷತೆಯ ಅಪ್‌ಡೇಟುಗಳು ತಾವಾಗಿ ಬರುತ್ತವೆ. ಹಳೆಯ ರೇಡಿಯೊ ಈ ವಿಷಯದಲ್ಲಿ ಹತ್ತಿರವೂ ಸುಳಿಯಲಾರದು. ಈ ಎರಡು ಲಾಭಗಳನ್ನು ಕಡೆಗಣಿಸುವ ವಿಮರ್ಶೆ ನ್ಯಾಯದ್ದಲ್ಲ.

ತೊಂದರೆ ಶುರುವಾಗುವುದು ಏನಾದರೂ ಕೈಕೊಟ್ಟಾಗ. ಫೋನು 5 ಗಿಗಾಹರ್ಟ್ಸಿನಲ್ಲಿದ್ದು ಸ್ಪೀಕರಿಗೆ 2.4 ಮಾತ್ರ ಗೊತ್ತಿರಬಹುದು. ಫೋನು ಗೆಸ್ಟ್ ನೆಟ್‌ವರ್ಕಿನಲ್ಲಿದ್ದು, ಒಂದು ಉಪಕರಣ ಇನ್ನೊಂದನ್ನು ಕಾಣದಂತೆ ರೂಟರ್ ಅಡ್ಡಗಟ್ಟಿರಬಹುದು. ಐಫೋನಿನಲ್ಲಿ 2020ರಿಂದ ಬಂದಿರುವ 'ಲೋಕಲ್ ನೆಟ್‌ವರ್ಕ್' ಅನುಮತಿಗೆ ಯಾವತ್ತೋ ಬೇಡವೆಂದು ಒತ್ತಿರಬಹುದು. ಇಷ್ಟೆಲ್ಲ ಕಾರಣಗಳಿಗೂ ಆ್ಯಪ್ ಕೊಡುವ ಉತ್ತರ ಸಾಮಾನ್ಯವಾಗಿ ಒಂದೇ: ಏನೋ ತೊಂದರೆಯಾಗಿದೆ, ಮತ್ತೆ ಪ್ರಯತ್ನಿಸಿ. ಏನು ಪ್ರಯತ್ನಿಸಬೇಕು? ಸಿಗ್ನಲ್ಲಿನ ಅಂಕಿಯಿಲ್ಲ, ವಿಳಾಸವಿಲ್ಲ, ಯಾವ ಹೆಜ್ಜೆಯಲ್ಲಿ ನಿಂತಿತೆಂಬ ಸುಳಿವಿಲ್ಲ. ರೀಸೆಟ್ ಮಾಡುವುದೊಂದೇ ದಾರಿಯಾಗಿ, ಬಳಸುವವರು ತಮ್ಮ ವಸ್ತುವಿನ ಎದುರು ಅಸಹಾಯಕರಾಗುತ್ತಾರೆ. ಸುಲಭ ಮಾಡುವುದಕ್ಕಾಗಿ ಮುಚ್ಚಿಡಲೇಬೇಕು ಎಂಬ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ಮೊದಲ ಪುಟ ಸರಳವಾಗಿರಲಿ. ಬೇಕಾದವರಿಗೆ ಒಳಗೊಂದು ಪುಟ ತೆರೆದಿರಲಿ. 2009ರಲ್ಲಿ ಅಂಗೈಯಗಲದ ಪರದೆಯಲ್ಲಿ ಸಾಧ್ಯವಾದದ್ದು ಇಂದಿನ ಫೋನಿನಲ್ಲಿ ಆಗದ ಮಾತಲ್ಲ.

ಸ್ಪೀಕರಿನ ಹಿಡಿತವನ್ನೆಲ್ಲ ಆ್ಯಪಿಗೆ ಒಪ್ಪಿಸುವುದರ ಅಪಾಯ 2024ರ ಮೇ ತಿಂಗಳಲ್ಲಿ ಸೊನೊಸ್ ಕಂಪನಿಯ ಸ್ಪೀಕರುಗಳ ಬಳಕೆದಾರರಿಗೆ ಅರ್ಥವಾಯಿತು. ಕಂಪನಿ ಹೊಸದಾಗಿ ಬರೆದ ಆ್ಯಪ್ ಬಿಡುಗಡೆ ಮಾಡಿದಾಗ ಅಲಾರಂ, ಸ್ಲೀಪ್ ಟೈಮರಿನಂಥ ದಿನಬಳಕೆಯ ಸೌಲಭ್ಯಗಳೇ ಕಾಣೆಯಾಗಿದ್ದವು. ಕೆಲವರ ಸ್ಪೀಕರುಗಳು ಆ್ಯಪಿನ ಕಣ್ಣಿಗೇ ಬೀಳಲಿಲ್ಲ. ಜುಲೈನಲ್ಲಿ ಮುಖ್ಯಸ್ಥ ಪ್ಯಾಟ್ರಿಕ್ ಸ್ಪೆನ್ಸ್ ಕ್ಷಮೆ ಕೇಳಿದರು. 2025ರ ಜನವರಿಯಲ್ಲಿ ಹುದ್ದೆ ಬಿಟ್ಟರು. ಸ್ಪೀಕರುಗಳು ಮಾತ್ರ ಮೊದಲಿನಷ್ಟೇ ಗಟ್ಟಿಯಾಗಿದ್ದವು, ಅವನ್ನು ಕೊಂಡವರ ಹಿಡಿತ ತಪ್ಪಿತ್ತು.

ಇನ್ನು ನಂಬಿಕೆಯ ಪ್ರಶ್ನೆ. ಹೊಸ್ತಿಲು ದಾಟಿ ಬಂದವರೆಲ್ಲ ಮನೆಯವರೇ ಎಂಬ ಭಾವನೆಯ ಮೇಲೆ ಮನೆಯ ಆಡಿಯೊ ಉಪಕರಣಗಳ ಲೋಕ ನಿಂತಿದೆ. ಒಂದೇ ವೈ-ಫೈನಲ್ಲಿರುವ ಯಾರು ಬೇಕಾದರೂ ಹಾಡು ಬದಲಿಸಬಹುದು, ದನಿ ಏರಿಸಬಹುದು ಎಂಬುದು ಮನೆಮಂದಿಗೆ ಅನುಕೂಲವೇ. ಆದರೆ ಹೊಸ್ತಿಲು ಎಷ್ಟು ಗಟ್ಟಿ ಎಂದು ಯಾರೂ ಕೇಳುವುದಿಲ್ಲ. 2019ರ ಜನವರಿಯಲ್ಲಿ ಹೊರಗಿನವರು ಟಿವಿಗೆ ಸಿಕ್ಕಿಸುವ ಸಾವಿರಾರು ಕ್ರೋಮ್‌ಕಾಸ್ಟುಗಳಲ್ಲಿ ತಮಗೆ ಬೇಕಾದ ವಿಡಿಯೊ ಓಡಿಸಿದ್ದರು. ಒಳಗಿನ ಉಪಕರಣಗಳ ಪೋರ್ಟುಗಳನ್ನು ಹೊರಗೆ ತೆರೆದಿಟ್ಟದ್ದು ರೂಟರುಗಳಲ್ಲಿ ಚಾಲೂ ಇದ್ದ ಯುಪಿಎನ್‌ಪಿ ಎಂಬ ಸೌಲಭ್ಯ. 2025ರಲ್ಲಿ ಆಲಿಗೊ ಎಂಬ ಭದ್ರತಾ ಸಂಸ್ಥೆ, ಸ್ಪೀಕರಿಗೆ ಹಾಡು ಕಳಿಸುವ ಆ್ಯಪಲ್‌ನ ಏರ್‌ಪ್ಲೇ ವ್ಯವಸ್ಥೆಯಲ್ಲಿ ಹಲವು ಬಿರುಕುಗಳನ್ನು ಪ್ರಕಟಿಸಿತು. ಅದೇ ವೈ-ಫೈನಲ್ಲಿ ಸೇರಿಕೊಂಡ ದುರುದ್ದೇಶದವರು ಮಾಲೀಕ ಒಂದು ಗುಂಡಿಯನ್ನೂ ಒತ್ತದೆ ಕೆಲವು ಸ್ಪೀಕರುಗಳನ್ನು ವಶಪಡಿಸಿಕೊಳ್ಳಬಹುದಿತ್ತು. ಆ್ಯಪಲ್ ತನ್ನ ಉಪಕರಣಗಳನ್ನು ಸರಿಪಡಿಸಿತು. ಅದೇ ತಂತ್ರಾಂಶ ಬಳಸಿ ಬೇರೆ ಕಂಪನಿಗಳು ಮಾಡಿದ ಸ್ಪೀಕರುಗಳಿಗೆ ಅಪ್‌ಡೇಟ್ ಬರಬೇಕಾದದ್ದು ಆ ಕಂಪನಿಗಳಿಂದ. ಕಂಪನಿ ಮರೆತ ಮಾದರಿಯ ಬಿರುಕು ಹಾಗೆಯೇ ಉಳಿಯುತ್ತದೆ.

ನಮ್ಮ ಊರುಗಳಲ್ಲಿ ಹೊಸ್ತಿಲೇ ಸಡಿಲ. ಫೈಬರ್ ಸಂಪರ್ಕ ಕೊಡಲು ಬಂದವರು ಮನೆಯವರ ಮೊಬೈಲ್ ನಂಬರನ್ನೇ ವೈ-ಫೈ ಪಾಸ್‌ವರ್ಡ್ ಮಾಡಿ ಹೋಗುವುದು ಎಷ್ಟೋ ಕಡೆ ರೂಢಿ. ಹತ್ತು ಅಂಕಿ ಸಾಕಲ್ಲವೇ ಅನಿಸಬಹುದು. ನಮ್ಮ ಮೊಬೈಲ್ ನಂಬರುಗಳು 6ರಿಂದ 9ರೊಳಗಿನ ಅಂಕಿಯಿಂದಲೇ ಶುರುವಾಗುತ್ತವಾದ್ದರಿಂದ ಸಾಧ್ಯತೆಗಳು ಹೆಚ್ಚೆಂದರೆ 400 ಕೋಟಿ. ಫೋನು ವೈ-ಫೈಗೆ ಸೇರುವಾಗಿನ ಮಾತುಕತೆಯನ್ನು ಒಮ್ಮೆ ಹಿಡಿದಿಟ್ಟುಕೊಂಡರೆ, ಒಂದು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಕೆಲವೇ ಗಂಟೆಗಳಲ್ಲಿ ಅಷ್ಟನ್ನೂ ಪರೀಕ್ಷಿಸಿ ಮುಗಿಸುತ್ತದೆ. ನಾಲ್ಕೈದು ಸಂಬಂಧವಿಲ್ಲದ ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಜೋಡಿಸಿದ ಪಾಸ್‌ವರ್ಡ್ ಇದಕ್ಕಿಂತ ಎಷ್ಟೋ ಗಟ್ಟಿ, ನೆನಪಿಗೂ ಸುಲಭ. ರೂಟರಿನ ಪುಟದಲ್ಲಿ ಡಬ್ಲ್ಯುಪಿಎಸ್ ಎಂಬ ಎಂಟಂಕಿಯ ಪಿನ್ ಸೌಲಭ್ಯವಿದ್ದರೆ ಮುಚ್ಚಬೇಕು. ಆ ಪಿನ್ನನ್ನು ರೂಟರ್ ಎರಡು ಭಾಗವಾಗಿ ಪರೀಕ್ಷಿಸುವುದರಿಂದ ಹತ್ತು ಕೋಟಿ ಇರಬೇಕಾದ ಸಾಧ್ಯತೆಗಳು 11 ಸಾವಿರಕ್ಕೆ ಇಳಿಯುತ್ತವೆ. ಇದು 2011ರಲ್ಲೇ ಬಯಲಾದ ಸಂಗತಿ. ಯುಪಿಎನ್‌ಪಿ ಬಂದ್ ಮಾಡಿದರೂ ಹೆಚ್ಚಿನ ಮನೆಗಳಲ್ಲಿ ಹಾಡಿಗೆ ಅಡ್ಡಿಯಾಗದು. ಇಷ್ಟೂ ವಿಷಯವನ್ನು ಸ್ಪೀಕರಿನ ಆ್ಯಪ್ ಸೆಟಪ್ ಹೊತ್ತಿನಲ್ಲೇ ಎರಡು ಸಾಲಿನಲ್ಲಿ ಕನ್ನಡದಲ್ಲೇ ಹೇಳಬಹುದಿತ್ತು. ಹಳೆಯ ಸ್ಕ್ವೀಜ್‌ಬಾಕ್ಸಿನ ಭಾಷೆಗಳ ಪಟ್ಟಿಯಲ್ಲೂ ಕನ್ನಡವಿಲ್ಲ. ಆ ಕೊರತೆಯನ್ನು ತುಂಬುವ ಅವಕಾಶ ಇಂದಿನವರಿಗಿದೆ.

ಕಂಪನಿ ಕೈಬಿಟ್ಟ ಮೇಲೆ ಏನಾಗುತ್ತದೆ ಎಂಬುದು ಕೊನೆಯ ಪರೀಕ್ಷೆ. ಸ್ಕ್ವೀಜ್‌ಬಾಕ್ಸಿನ ಆನ್‌ಲೈನ್ ಸೇವೆಯನ್ನು ಲಾಜಿಟೆಕ್ 2024ರಲ್ಲಿ ಮುಚ್ಚಿತು. ಆದರೂ ಪೆಟ್ಟಿಗೆಗಳು ಬಾಯಿ ಮುಚ್ಚಿ ಕೂರಲಿಲ್ಲ. ಮುಕ್ತವಾಗಿದ್ದ ಸರ್ವರ್ ತಂತ್ರಾಂಶವನ್ನು ಆಸಕ್ತರು ಲಿರಿಯನ್ ಎಂಬ ಹೊಸ ಹೆಸರಿನಲ್ಲಿ ಮುಂದುವರಿಸಿದರು. ಯಾವ ಸರ್ವರಿಗೆ ಸೇರಬೇಕೆಂಬ ಸೆಟ್ಟಿಂಗ್ ಮಾಲೀಕನ ಕೈಯಲ್ಲೇ ಇದ್ದುದರಿಂದ ಮನೆಯ ಕಂಪ್ಯೂಟರನ್ನು ತೋರಿಸಿದರೆ ಕೆಲಸ ನಡೆಯುತ್ತದೆ. ಬೋಸ್ ಕಂಪನಿ ತನ್ನ ಸೌಂಡ್‌ಟಚ್ ಸ್ಪೀಕರುಗಳ ಕ್ಲೌಡ್ ಸೇವೆಯನ್ನು 2026ರಲ್ಲಿ ನಿಲ್ಲಿಸುವುದಾಗಿ 2025ರಲ್ಲಿ ಹೇಳಿದಾಗ ಬಳಕೆದಾರರು ಸಿಟ್ಟಿಗೆದ್ದದ್ದು ಸಹಜವೇ. ಚೆನ್ನಾಗಿ ಹಾಡುವ ಪೆಟ್ಟಿಗೆಯ ಆಯುಷ್ಯ ಅದರೊಳಗಿನ ಯಂತ್ರದಿಂದ ನಿರ್ಧಾರವಾಗಬೇಕು, ದೂರದ ಸರ್ವರಿನ ಲೆಕ್ಕಪತ್ರದಿಂದಲ್ಲ.

ಹಾಗಾದರೆ ನನ್ನ ತೀರ್ಮಾನವೇನು? ಸುರಕ್ಷತೆಯಲ್ಲಿ ಸ್ಕ್ವೀಜ್‌ಬಾಕ್ಸ್ ರೇಡಿಯೊ ಸೋತಿದೆ, ಪಾರದರ್ಶಕತೆಯಲ್ಲಿ ಗೆದ್ದಿದೆ. ಇಂದಿನ ಸ್ಪೀಕರುಗಳು ರಕ್ಷಣೆಯಲ್ಲಿ ಮುಂದೆ ಬಂದಿವೆ, ಮಾಲೀಕನಿಗೆ ಲೆಕ್ಕ ಒಪ್ಪಿಸುವುದರಲ್ಲಿ ಹಿಂದೆ ಬಿದ್ದಿವೆ. ಎರಡು ಗುಣಗಳೂ ಒಂದೇ ಪೆಟ್ಟಿಗೆಯಲ್ಲಿ ಇರುವಂತೆ ಮಾಡಲು ಹೊಸ ವಿಜ್ಞಾನವೇನೂ ಬೇಕಿಲ್ಲ, ಒತ್ತಾಯ ಬೇಕು. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಜಾರಿಯಲ್ಲಿರುವ ಕಾನೂನು, ನೆಟ್‌ವರ್ಕಿಗೆ ಸೇರುವ ಗೃಹೋಪಕರಣಗಳಿಗೆ ಎಲ್ಲಕ್ಕೂ ಒಂದೇ ಎಂಬಂಥ ಪಾಸ್‌ವರ್ಡನ್ನು ನಿಷೇಧಿಸಿದೆ. ಸುರಕ್ಷತೆಯ ಅಪ್‌ಡೇಟ್ ಕನಿಷ್ಠ ಎಲ್ಲಿಯವರೆಗೆ ಸಿಗುತ್ತದೆಂದು ಮಾರುವಾಗಲೇ ತಿಳಿಸಬೇಕೆಂದು ಕಟ್ಟುಮಾಡಿದೆ. ಅಂಥ ಮಾತು ಇಲ್ಲಿ ಮಾರುವ ಪೆಟ್ಟಿಗೆಗಳ ಮೇಲೂ ಅಚ್ಚಾಗಬೇಕು. ಅಲ್ಲಿಯವರೆಗೆ ವಿಮರ್ಶಕರಾದ ನಾವು ಕೇಳಬೇಕಾದ ಪ್ರಶ್ನೆಗಳಿವೆ: ಅಪ್‌ಡೇಟ್ ಎಷ್ಟು ವರ್ಷ, ಕಂಪನಿಯ ಸರ್ವರ್ ಇಲ್ಲದೆ ಹಾಡುತ್ತದೆಯೇ, ಕೆಟ್ಟಾಗ ಕಾರಣ ಹೇಳುತ್ತದೆಯೇ. ಈ ಮೂರಕ್ಕೂ ಉತ್ತರ ಕೊಡದ ಸ್ಪೀಕರಿಗೆ, ದನಿ ಎಷ್ಟೇ ಸೊಗಸಾಗಿರಲಿ, ಪೂರ್ಣ ಅಂಕ ಕೊಡುವುದು ಓದುಗರಿಗೆ ಮಾಡುವ ಅನ್ಯಾಯ.