ಚಟ ಬಿಡಿಸಲು ಕಡಲಾಚೆಯ ಮದ್ದು

ಮೆಕ್ಸಿಕೊದ ಇಬೋಗೇನ್ ಕ್ಲಿನಿಕ್ಕುಗಳು, ಪೆರುವಿನ ಆಯವಾಸ್ಕಾ ಶಿಬಿರಗಳು, ಜಮೈಕಾ ಮತ್ತು ನೆದರ್ಲೆಂಡ್ಸಿನ ಸೈಲೊಸೈಬಿನ್ ಕೇಂದ್ರಗಳು ಕೊಡುವ ಭರವಸೆ ಹೆಚ್ಚುಕಡಿಮೆ ಒಂದೇ: ಒಂದೆರಡು ಸಲ ಮದ್ದು ತೆಗೆದುಕೊಂಡರೆ ವರ್ಷಗಟ್ಟಲೆಯ ಚಟ ಬಿಟ್ಟುಹೋಗುತ್ತದೆ. ಈ ಮಾತು ಮೊಬೈಲಿನಲ್ಲಿ ಮಂಗಳೂರಿಗೆ ಬಂದಷ್ಟೇ ಸಲೀಸಾಗಿ ಕಡಬ ತಾಲೂಕಿನ ಕೋಡಿಂಬಾಳಕ್ಕೂ ಬರುತ್ತದೆ. ಮಕ್ಕಳು ಹೊರದೇಶದಲ್ಲಿ ದುಡಿಯುವ ಮನೆಗಳಿಗೆ ವಿಮಾನದ ಟಿಕೆಟು ಈಗ ಎಟುಕದ ವಸ್ತುವಲ್ಲ. ಕುಡಿತದಿಂದ ಬಸವಳಿದ ಮನೆಯವರು ಯಾವ ದಾರಿಯನ್ನೂ ಬಿಡಲಾರರು. ಅದನ್ನು ತಪ್ಪೆನ್ನಲು ಯಾರಿಗೂ ಹಕ್ಕಿಲ್ಲ. ಮನಸ್ಸಿನ ಅರಿವನ್ನೇ ಬದಲಿಸುವ ಈ ಸೈಕೆಡೆಲಿಕ್ ಔಷಧಗಳನ್ನು ನಾನು ಸಾರಾಸಗಟಾಗಿ ತಳ್ಳಿಹಾಕುವುದೂ ಇಲ್ಲ. ನನ್ನ ಆಕ್ಷೇಪ ಇರುವುದು ಪ್ರಯಾಣದ ಬಗ್ಗೆ. ಪ್ರಯೋಗಾಲಯದಲ್ಲಿ ಪರೀಕ್ಷೆಗೊಳಗಾದದ್ದು ಒಂದು, ಪ್ರವಾಸದ ಹೆಸರಲ್ಲಿ ಮಾರಾಟವಾಗುತ್ತಿರುವುದು ಇನ್ನೊಂದು. ಚಿಕಿತ್ಸೆಯನ್ನು ಚಿಕಿತ್ಸೆಯಾಗಿಸುವ ಅಂಗಗಳೇ ಆ ದೂರದಲ್ಲಿ ಉದುರಿಹೋಗುತ್ತವೆ.

ಈ ಔಷಧಗಳ ಪರವಾಗಿ ಹೆಚ್ಚು ಉಲ್ಲೇಖವಾಗುವ ಅಧ್ಯಯನ 2022ರಲ್ಲಿ ಜಾಮಾ ಸೈಕಿಯಾಟ್ರಿ ಪತ್ರಿಕೆಯಲ್ಲಿ ಬಂದದ್ದು. ಕುಡಿತದ ವ್ಯಸನವಿದ್ದ 93 ಜನರ ಫಲಿತಾಂಶ ಅದರಲ್ಲಿದೆ. ಸೈಲೊಸೈಬಿನ್ ಪಡೆದವರು ವಿಪರೀತ ಕುಡಿದ ದಿನಗಳು ಶೇಕಡಾ 9.7ರಷ್ಟಿದ್ದರೆ, ಹೋಲಿಕೆಗೆ ಬೇರೆ ಮಾತ್ರೆ ಪಡೆದವರಲ್ಲಿ ಅದು 23.6. ಇದು ಸಣ್ಣ ಅಂತರವಲ್ಲ. ಆದರೆ ಅವರಿಗೆ ಸಿಕ್ಕಿದ್ದು ಎರಡು ದಿನದ ಮದ್ದು ಮಾತ್ರವಲ್ಲ, ತರಬೇತಿ ಪಡೆದ ಚಿಕಿತ್ಸಕರೊಡನೆ 12 ಬಾರಿಯ ಮಾತುಕತೆಯೂ ಸಿಕ್ಕಿತ್ತು. ಹೃದ್ರೋಗ ಅಥವಾ ಗಂಭೀರ ಮನೋರೋಗದ ಹಿನ್ನೆಲೆ ಇದ್ದವರನ್ನು ಇಂಥ ಪ್ರಯೋಗಗಳಲ್ಲಿ ಮೊದಲೇ ಸೋಸಿ ಹೊರಗಿಡುತ್ತಾರೆ. ಆ ಮಾತುಕತೆ ನಡೆಯುವ ಭಾಷೆಯೂ ಇಲ್ಲಿ ಮುಖ್ಯವಾಗುತ್ತದೆ. ಕಡಬ, ಸುಳ್ಯದ ಕಡೆಯ ಮನುಷ್ಯ ತನ್ನ ಒಳಗಿನ ನೋವನ್ನು ಹೇಳಿಕೊಳ್ಳುವುದು ತುಳುವಿನಲ್ಲಿ, ಕನ್ನಡದಲ್ಲಿ, ಅರೆಭಾಷೆಯಲ್ಲಿ, ಬ್ಯಾರಿಯಲ್ಲಿ, ಮಲಯಾಳದಲ್ಲಿ. ಸ್ಪ್ಯಾನಿಷ್ ಅಥವಾ ಇಂಗ್ಲಿಷ್ ಮಾತಾಡುವ ಅಪರಿಚಿತರ ನಡುವೆ, ಮನಸ್ಸು ಹಿಡಿತ ತಪ್ಪಿದ ಗಳಿಗೆಯಲ್ಲಿ, ಅವನಿಗೆ ಸಿಗುವುದು ಮದ್ದಷ್ಟೇ. ಇಬೋಗೇನ್ ಪರ ವಾದಿಸುವವರು ಎತ್ತಿಹಿಡಿಯುವ ಸ್ಟ್ಯಾನ್‌ಫರ್ಡ್‌ನ 2024ರ ಅಧ್ಯಯನವಂತೂ ವ್ಯಸನದ ಪ್ರಯೋಗವೇ ಅಲ್ಲ. ತಲೆಗೆ ಪೆಟ್ಟಾಗಿದ್ದ 30 ಮಾಜಿ ಅಮೆರಿಕನ್ ಸೈನಿಕರನ್ನು ಕುರಿತ ಅಧ್ಯಯನ ಅದು. ಹೋಲಿಕೆಗೆ ಇನ್ನೊಂದು ಗುಂಪೂ ಇರಲಿಲ್ಲ. ಹೃದಯದ ರಕ್ಷಣೆಗೆಂದು ಅವರಿಗೆ ಮೆಗ್ನೀಸಿಯಂ ಕೊಡಲಾಗಿತ್ತು.

ಆ ಮೆಗ್ನೀಸಿಯಮ್ಮಿನಲ್ಲೇ ನಮ್ಮವರಿಗೆ ಎಚ್ಚರಿಕೆಯಿದೆ. ಪಶ್ಚಿಮ-ಮಧ್ಯ ಆಫ್ರಿಕಾದ ಮಳೆಕಾಡಿನ ಇಬೋಗಾ ಗಿಡದ ಬೇರಿನ ತೊಗಟೆಯಿಂದ ಬರುವ ಇಬೋಗೇನ್, ಹೃದಯದ ಬಡಿತವನ್ನು ಸರಿಹೊತ್ತಿಗೆ ಮರಳಿ ಸಜ್ಜುಗೊಳಿಸುವ ಪೊಟ್ಯಾಸಿಯಂ ದಾರಿಗಳನ್ನು ತಡೆಯುತ್ತದೆ. ಇಸಿಜಿಯಲ್ಲಿ ಕ್ಯೂಟಿ ಅಂತರ ಉದ್ದವಾಗುತ್ತದೆ. ಬಡಿತ ತಾಳ ತಪ್ಪಿದರೆ ಸಾವು ನಿಮಿಷಗಳ ಮಾತು. 1990ರಿಂದ 2008ರವರೆಗೆ ಇಬೋಗೇನ್ ಸೇವಿಸಿದ ಮೂರು ನಾಲ್ಕು ದಿನಗಳೊಳಗೆ ಸತ್ತ 19 ಜನರ ದಾಖಲೆಗಳನ್ನು 2012ರಲ್ಲಿ ಸಂಶೋಧಕರು ಪರಿಶೀಲಿಸಿದರು. ಇಬೋಗೇನ್ ಕಾನೂನುಬದ್ಧವಾಗಿದ್ದ ನ್ಯೂಜಿಲೆಂಡಿನಲ್ಲೂ, ಅಧ್ಯಯನಕ್ಕೆ ಸೇರಿದ 14 ಜನರಲ್ಲಿ ಒಬ್ಬರು ಚಿಕಿತ್ಸೆಯ ವೇಳೆಯೇ ತೀರಿಕೊಂಡರು. ಇವೆಲ್ಲ ಹೆಚ್ಚಾಗಿ ಅಫೀಮು ಜಾತಿಯ ಚಟದವರ ಕತೆ. ನಮ್ಮ ಕಡೆಯ ದೊಡ್ಡ ಚಟ ಕುಡಿತ. ಬಹುಕಾಲ ಕುಡಿದವರ ದೇಹದಲ್ಲಿ ಪೊಟ್ಯಾಸಿಯಂ, ಮೆಗ್ನೀಸಿಯಂ ಮೊದಲೇ ಕುಸಿದಿರುವುದು ಸಾಮಾನ್ಯ. ಕುಡಿತ ನಿಲ್ಲಿಸಿದ ಮೊದಲೆರಡು ದಿನಗಳಲ್ಲಿ ಫಿಟ್ಸ್ ಬರುವ ಸಂಭವವೂ ಇದೆ. ಅಂಥ ಹೃದಯದ ಮೇಲೆ ಈ ಔಷಧ ಹಾಕುವುದು ಆಸ್ಪತ್ರೆಯ ಮಾನಿಟರಿಲ್ಲದೆ ಮಾಡುವ ಕೆಲಸವಲ್ಲ. ಇಲ್ಲೇ ಇನ್ನೊಂದು ಮಾತು ಹೇಳಿಬಿಡಬೇಕು: ನಮ್ಮ ಅಂಗಳದ ನಂದಿಬಟ್ಟಲು ಇಬೋಗಾದ ಕುಟುಂಬಕ್ಕೇ ಸೇರಿದ್ದು, ಹತ್ತಿರದ ಜಾತಿಯ ರಾಸಾಯನಿಕಗಳು ಅದರಲ್ಲೂ ಇವೆ. ಹಾಗೆಂದು ಅದರ ಬೇರು ಕುದಿಸಿ ಕುಡಿಸುವ ಸಾಹಸಕ್ಕೆ ಯಾರೂ ಇಳಿಯಬಾರದು.

ಇನ್ನು ಕಾನೂನು. ಆ ದೇಶದಲ್ಲಿ ಸಲ್ಲುವುದಾದರೆ ನಮಗೇನು ಎಂಬುದು ಬಹುತೇಕರ ತಿಳಿವಳಿಕೆ. ಅದು ಅರ್ಧ ಸತ್ಯ. ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆ ಭಾರತದ ಹೊರಗಿರುವ ಭಾರತೀಯ ಪ್ರಜೆಗಳಿಗೂ ಅನ್ವಯಿಸುತ್ತದೆ ಎಂದು ಅದರ ಮೊದಲ ಸೆಕ್ಷನ್ನೇ ಹೇಳುತ್ತದೆ. ಸೈಲೊಸೈಬಿನ್, ಎಲ್‌ಎಸ್‌ಡಿ, ಆಯವಾಸ್ಕಾದ ಮುಖ್ಯ ಅಂಶವಾದ ಡಿಎಂಟಿ ಮೂರೂ ಆ ಕಾಯ್ದೆಯ ಪಟ್ಟಿಯಲ್ಲಿವೆ. ಹೊರದೇಶದಲ್ಲಿ ನಡೆದ ಅಪರಾಧವನ್ನು ಇಲ್ಲಿ ವಿಚಾರಣೆಗೆ ತರಲು ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕು. ಆದ್ದರಿಂದ ಪೆರುವಿಗೆ ಹೋಗಿ ಬಂದವರನ್ನೆಲ್ಲ ಪೊಲೀಸರು ಹಿಡಿಯುತ್ತಾರೆಂದು ಹೆದರಿಸುವುದು ಸರಿಯಲ್ಲ. ಆದರೆ ಮುಂದಿನ ಡೋಸಿಗೆಂದು ಚೀಲದಲ್ಲಿ ಒಂದಿಷ್ಟು ಹೊತ್ತು ತಂದರೆ ಅದು ಮಾದಕ ವಸ್ತುವಿನ ಆಮದು, ನೇರವಾಗಿ ದೊಡ್ಡ ಅಪರಾಧ. ಇಬೋಗೇನ್ ವಿಶ್ವಸಂಸ್ಥೆಯ ನಿಯಂತ್ರಣ ಪಟ್ಟಿಯಲ್ಲಿಲ್ಲ. ಆದರೆ ಅಮೆರಿಕದಲ್ಲಿ ಅದು ಅತಿ ಕಠಿಣ ನಿಷೇಧದ ಪಟ್ಟಿಯಲ್ಲಿದೆ, ಮೆಕ್ಸಿಕೊಗೆ ಹೋಗುವವರು ಹಲವು ಸಲ ದಾಟುವುದು ಅದೇ ದೇಶವನ್ನು. ಜೈಲಿಗಿಂತಲೂ ನನ್ನನ್ನು ಕಾಡುವುದು ಹೊಣೆಯ ಪ್ರಶ್ನೆ. ನಮ್ಮ 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳಿಂದಾಗುವ ಮನೋಸ್ಥಿತಿಗಳನ್ನೂ ಒಳಗೊಂಡಿದೆ. ಒಪ್ಪಿಗೆ, ದಾಖಲೆ, ದೂರು ಎಲ್ಲಕ್ಕೂ ಅದರಲ್ಲಿ ದಾರಿಯುಂಟು. ತಾನಾಗಿ ಬಂದು ಸರ್ಕಾರದ ಅಥವಾ ಸರ್ಕಾರ ಮಾನ್ಯ ಮಾಡಿದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆಯುವ ವ್ಯಸನಿಗೆ ಎನ್‌ಡಿಪಿಎಸ್‌ನ 64ಎ ಸೆಕ್ಷನ್ ಸಣ್ಣ ಪ್ರಮಾಣದ ಅಪರಾಧಗಳಲ್ಲಿ ರಕ್ಷಣೆಯನ್ನೂ ಕೊಡುತ್ತದೆ. ಕಡಲಾಚೆಯ ಕ್ಲಿನಿಕ್ಕಿನಲ್ಲಿ ಅನಾಹುತವಾದರೆ ಕೋಡಿಂಬಾಳದ ತಾಯಿಯೊಬ್ಬಳು ಯಾರ ಬಾಗಿಲು ತಟ್ಟಬೇಕು?

ಕಾನೂನೇ ಹಳತಾಗಿದೆ, ವಿಜ್ಞಾನ ಮುಂದೆ ಹೋಗಿದೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಅದೇ ಎನ್‌ಡಿಪಿಎಸ್ ಕಾಯ್ದೆ ವೈದ್ಯಕೀಯ ಮತ್ತು ವೈಜ್ಞಾನಿಕ ಉದ್ದೇಶಕ್ಕೆ ದಾರಿ ಬಿಟ್ಟಿದೆ. 2011ರಲ್ಲಿ ಪಟ್ಟಿಗೆ ಸೇರಿದ ಕೆಟಮಿನ್ ಇಂದಿಗೂ ನಮ್ಮ ಆಪರೇಷನ್ ಥಿಯೇಟರುಗಳಲ್ಲಿ ಬಳಕೆಯಲ್ಲಿದೆ. ನಿಮ್ಹಾನ್ಸ್‌ನಂಥ ಸಂಸ್ಥೆಯಲ್ಲಿ, ನಮ್ಮ ಭಾಷೆಯಲ್ಲಿ, ನಮ್ಮ ರೋಗಿಗಳ ಮೇಲೆ ಪ್ರಯೋಗ ನಡೆಯಲಿ ಎಂದು ಒತ್ತಾಯಿಸುವುದು ನ್ಯಾಯ. ದುಡ್ಡಿದ್ದವರು ಒಬ್ಬೊಬ್ಬರಾಗಿ ವಿಮಾನ ಹತ್ತಿದರೆ ಆ ಒತ್ತಾಯವೂ ಹುಟ್ಟುವುದಿಲ್ಲ. ಇಲ್ಲಿ ಎಲ್ಲ ಮಾಡಿ ಸೋತವನು ಏನು ಮಾಡಬೇಕು ಎಂಬುದು ಇದಕ್ಕಿಂತ ಕಷ್ಟದ ಪ್ರಶ್ನೆ. ಸೋತವರೆಂದು ಹೇಳಿಕೊಳ್ಳುವ ಎಷ್ಟೋ ಜನರಿಗೆ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಮಾತ್ರೆಗಳನ್ನು ವೈದ್ಯರ ನಿಗಾದಲ್ಲಿ ತಿಂಗಳುಗಟ್ಟಲೆ ಕೊಟ್ಟೇ ಇರುವುದಿಲ್ಲ. ಅವರಿಗೆ ಸಿಕ್ಕಿದ್ದು ದೇವರ ಮುಂದಿನ ಆಣೆ, ಇಲ್ಲವೇ ಗೊತ್ತಾಗದಂತೆ ಊಟದಲ್ಲಿ ಬೆರೆಸುವ ಪುಡಿ. ಅಂಥ ಪುಡಿಯಲ್ಲಿ ಡೈಸಲ್ಫಿರಾಂ ಇರುವುದುಂಟು, ಅದರ ಮೇಲೆ ಕುಡಿದರೆ ಜೀವಕ್ಕೇ ಅಪಾಯ.

ಹಾಗಿದ್ದರೆ ನಮ್ಮಲ್ಲಿ ಏನಿದೆ? ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು ಪುತ್ತೂರು, ಸುಳ್ಯ, ಕಡಬದವರಿಗೆ ಹೊಸತಲ್ಲ. ಊರಿನ ಸಭಾಭವನದಲ್ಲೇ ಎಂಟು ದಿನ ಉಳಿಸಿಕೊಳ್ಳುತ್ತಾರೆ, ಮನೆಯವರನ್ನು ಕರೆಸುತ್ತಾರೆ, ಆಮೇಲೆ ಕುಡಿತ ಬಿಟ್ಟವರದೇ ನವಜೀವನ ಸಮಿತಿ ಕಟ್ಟಿ ಸೇರಿಸುತ್ತಾರೆ. ಕಡಲಾಚೆಯ ಕ್ಲಿನಿಕ್ಕು ಎಷ್ಟು ದುಡ್ಡು ತೆಗೆದುಕೊಂಡರೂ ಕೊಡಲಾರದ್ದು ಈ ಸಮಿತಿಯನ್ನೇ: ಒಂಬತ್ತನೆಯ ದಿನ ಅದೇ ಪೇಟೆಯ ಅದೇ ಬಾರಿನ ಎದುರು ನಡೆದು ಹೋಗಬೇಕಾದವನ ಜೊತೆಗೆ ನಡೆಯುವ ಜನ. ಕೊರತೆಗಳೂ ಇವೆ, ಅವನ್ನು ಮರೆಮಾಚಬೇಕಿಲ್ಲ. ಭಜನೆ, ಉಪದೇಶ ಎಲ್ಲರಿಗೂ ಒಗ್ಗುವುದಿಲ್ಲ. ಬೇರೆ ನಂಬಿಕೆಯವನಿಗೆ, ನಂಬಿಕೆಯೇ ಇಲ್ಲದವನಿಗೆ ಅಲ್ಲಿ ಮುಜುಗರವಾಗಬಹುದು. ಎಷ್ಟು ಜನ ಒಂದು ವರ್ಷ, ಐದು ವರ್ಷ ಉಳಿದರು ಎಂಬುದನ್ನು ಹೊರಗಿನವರು ಸ್ವತಂತ್ರವಾಗಿ ಅಳೆದು ಪ್ರಕಟಿಸುವ ಏರ್ಪಾಡು ಬೇಕು. ಎಲ್ಲಕ್ಕಿಂತ ತುರ್ತಿನದು ವೈದ್ಯಕೀಯ ಭಾಗ. ಕುಡಿತ ನಿಂತ ಎರಡರಿಂದ ನಾಲ್ಕನೆಯ ದಿನದ ನಡುವೆ ನಡುಕ, ಇಲ್ಲದ್ದು ಕಾಣುವುದು, ದಿಕ್ಕುತಪ್ಪಿದ ಮಾತು ಶುರುವಾದರೆ ಅದು ಭಜನೆಗೂ ಬುದ್ಧಿವಾದಕ್ಕೂ ಬಗ್ಗುವ ಸ್ಥಿತಿಯಲ್ಲ. ಶಿಬಿರಕ್ಕೆ ಸೇರಿಸುವ ಮೊದಲೇ ರಕ್ತಪರೀಕ್ಷೆ ಮತ್ತು ಇಸಿಜಿ ಆಗಬೇಕು, ಥಯಾಮಿನ್ ಕೊಡಬೇಕು, ಹಿಂದೆ ಫಿಟ್ಸ್ ಬಂದವರನ್ನು ಸಭಾಭವನದ ಬದಲು ನೇರ ಆಸ್ಪತ್ರೆಗೆ ಕಳಿಸಬೇಕು. ಸುಳ್ಯದಲ್ಲಿ ವೈದ್ಯಕೀಯ ಕಾಲೇಜಿದೆ, ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮವಿದೆ, ಟೆಲಿ ಮಾನಸ್‌ನ 14416 ಸಹಾಯವಾಣಿ ಕನ್ನಡದಲ್ಲೇ ಉತ್ತರಿಸುತ್ತದೆ. ಶಿಬಿರದವರೂ ಈ ವೈದ್ಯರೂ ಲಿಖಿತ ಒಪ್ಪಂದದಲ್ಲಿ ಕೈಜೋಡಿಸಿ, ಪ್ರತಿ ಶಿಬಿರದ ಮೊದಲ ನಾಲ್ಕು ರಾತ್ರಿ ವೈದ್ಯರೊಬ್ಬರು ಕರೆದರೆ ಬರುವಷ್ಟು ಹತ್ತಿರದಲ್ಲಿರುವಂತೆ ಮಾಡಲು ಹೊಸ ಕಾನೂನೂ ಬೇಡ, ಪಾಸ್‌ಪೋರ್ಟೂ ಬೇಡ.