ಗೋಡೆಯ ಪುರಾಣ, ಕೈಯ ಆಟ: ‘ರಾಜಿ’ ವಿಡಿಯೋ ಗೇಮ್ ಕುರಿತ ಭಿನ್ನಾಭಿಪ್ರಾಯಗಳು

1

ನಾಟಕ, ಯಕ್ಷಗಾನ, ಚಲನಚಿತ್ರಗಳನ್ನು ಕುರಿತು ಮಾತನಾಡಲು ಕನ್ನಡದಲ್ಲಿ ಸಾಕಷ್ಟು ಬೆಳೆದ ವಿಮರ್ಶೆಯ ಪರಿಭಾಷೆಯಿದೆ. ವಿಡಿಯೋ ಗೇಮ್‌ಗಳ ಬಗ್ಗೆ ಅಂಥ ಪರಿಭಾಷೆ ಇನ್ನೂ ರೂಪುಗೊಳ್ಳಬೇಕಾಗಿದೆ. ಅವುಗಳ ವಿಷಯ ಬಂದಾಗ ಹಿರಿಯರ ಮಾತು ಮಕ್ಕಳ ಓದು ಕೆಡುವ ಆತಂಕದಲ್ಲಿ ನಿಲ್ಲುತ್ತದೆ; ಕಿರಿಯರ ಮಾತು ‘ಚೆನ್ನಾಗಿದೆ’, ‘ಚೆನ್ನಾಗಿಲ್ಲ’ ಎಂಬ ತೀರ್ಪಿನಲ್ಲಿ ಮುಗಿಯುತ್ತದೆ. ಆಟವೊಂದು ನಮ್ಮ ಪುರಾಣಗಳನ್ನೇ ವಸ್ತುವಾಗಿ ತೆಗೆದುಕೊಂಡಾಗ ಈ ಕೊರತೆ ಇನ್ನಷ್ಟು ಎದ್ದು ಕಾಣುತ್ತದೆ. ಅಂಥ ಒಂದು ಆಟದ ಬಗೆಗೆ ಆಟಗಾರರಲ್ಲಿ ಹುಟ್ಟಿದ ಭಿನ್ನಾಭಿಪ್ರಾಯಗಳನ್ನು ಪರಿಶೀಲಿಸಿ, ಅವುಗಳ ಹಿಂದಿರುವ ಪ್ರಶ್ನೆಯನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಆಟದ ಹೆಸರು ‘ರಾಜಿ: ಆನ್ ಏನ್ಷಿಯೆಂಟ್ ಎಪಿಕ್’. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಸಂಸ್ಥೆ ಇದನ್ನು ರೂಪಿಸಿತು. 2017ರಲ್ಲಿ ಸಾರ್ವಜನಿಕರಿಂದ ಹಣ ಸಂಗ್ರಹಿಸಲು ಸಂಸ್ಥೆ ನಡೆಸಿದ ಪ್ರಯತ್ನ ಕೈಗೂಡಲಿಲ್ಲ. ಆದರೂ ಕೆಲಸ ನಿಲ್ಲದೆ, 2020ರ ಆಗಸ್ಟ್‌ನಲ್ಲಿ ನಿಂಟೆಂಡೊ ಸ್ವಿಚ್‌ನಲ್ಲಿಯೂ ಅದೇ ವರ್ಷದ ಅಕ್ಟೋಬರ್‌ನಲ್ಲಿ ಕಂಪ್ಯೂಟರ್ ಹಾಗೂ ಇತರ ಸಾಧನಗಳಲ್ಲಿಯೂ ಆಟ ಬಿಡುಗಡೆಯಾಯಿತು. ಅಸುರರು ಮಕ್ಕಳನ್ನು ಅಪಹರಿಸುತ್ತಾರೆ. ರಾಜಿ ಎಂಬ ಹುಡುಗಿಯ ತಮ್ಮ ಗೋಲುವೂ ಅವರಲ್ಲೊಬ್ಬ. ದುರ್ಗೆಯ ಅನುಗ್ರಹದಿಂದ ತ್ರಿಶೂಲ ಪಡೆದ ರಾಜಿ ತಮ್ಮನನ್ನು ಹುಡುಕುತ್ತ ಮಹಾಬಲಾಸುರನ ಕಡೆಗೆ ಸಾಗುತ್ತಾಳೆ. ದುರ್ಗೆ ಮತ್ತು ವಿಷ್ಣು ಪರಸ್ಪರ ಸಂಭಾಷಿಸುತ್ತ ಈ ಕಥೆಯನ್ನು ನಿರೂಪಿಸುತ್ತಾರೆ. ಪಾತ್ರದ ಸ್ವಭಾವ, ಸಾಮರ್ಥ್ಯಗಳನ್ನು ಆಟಗಾರನೇ ಹಂತಹಂತವಾಗಿ ಕಟ್ಟುವ ಪೂರ್ಣ ಪ್ರಮಾಣದ ರೋಲ್ ಪ್ಲೇಯಿಂಗ್ ಆಟ ಇದಲ್ಲ. ಆಯುಧಗಳ ಶಕ್ತಿಯನ್ನು ಹೆಚ್ಚಿಸಿಕೊಳ್ಳುವಷ್ಟು ಅಂಶ ಮಾತ್ರ ಇದರಲ್ಲಿದೆ. ಉಳಿದಂತೆ ಇದು ಅದ್ಭುತ ಲೋಕದಲ್ಲಿ ನಡೆಯುವ ಸಾಹಸ ಮತ್ತು ಕಾಳಗದ ಆಟ.

2

ಮೈಸೂರಿನ ಕುಂಬಾರಕೊಪ್ಪಲು ಹೆಸರಿನಲ್ಲಿಯೇ ತನ್ನ ಹಿಂದಿನ ಕಸುಬನ್ನು ಉಳಿಸಿಕೊಂಡ ಊರು. ಹೆಬ್ಬಾಳ ಕೈಗಾರಿಕಾ ಪ್ರದೇಶಕ್ಕೆ ಸಮೀಪವಿರುವ ಈ ಕೊಪ್ಪಲು ಇಂದು ನಗರದ ಬಡಾವಣೆಗಳ ನಡುವೆ ಸೇರಿಹೋಗಿದೆ. ಇಲ್ಲಿರುವ ನನ್ನ ಅಕ್ಕನ ಮನೆಯಲ್ಲಿ ಅವಳ ಮಗನೂ ಅವನ ಗೆಳೆಯನೂ ಈ ಆಟವನ್ನು ಆಡುತ್ತಿದ್ದಾಗ ನಾನು ಜೊತೆಯಲ್ಲಿ ಕುಳಿತು ನೋಡಿದ್ದೇನೆ. ಇಬ್ಬರ ಅಭಿಪ್ರಾಯಗಳು ಕೂಡಲೇ ಇಲ್ಲ.

ಅಕ್ಕನ ಮಗನಿಗೆ ಆಟ ಹಿಡಿಸಿತ್ತು. ಕೋಟೆ, ಮಂಟಪ, ಕೊಳಗಳ ನಡುವೆ ಅವನು ಕಾಳಗವನ್ನು ಮರೆತು ನಿಲ್ಲುತ್ತಿದ್ದ. ಗೋಡೆಗಳ ಮೇಲಿನ ಚಿತ್ರಗಳ ಮುಂದೆ ರಾಜಿಯನ್ನು ನಿಲ್ಲಿಸಿದರೆ ದೇವತೆಗಳ ಕಥೆ ಕೇಳಿಬರುತ್ತದೆ. ಅವನು ಒಂದನ್ನೂ ಬಿಡುತ್ತಿರಲಿಲ್ಲ. ಗೆಳೆಯನ ದೂರು ಬೇರೆ. ಶತ್ರುಗಳು ಬರುವ ಕ್ರಮ ಮೊದಲೇ ತಿಳಿದುಬಿಡುತ್ತದೆ, ಏಟು ತಪ್ಪಿಸಿಕೊಳ್ಳುವ ಚಲನೆ ಕೈಯ ವೇಗಕ್ಕೆ ಒದಗುವುದಿಲ್ಲ, ಕೆಲವೇ ಗಂಟೆಗಳಲ್ಲಿ ಆಟ ಮುಗಿದುಹೋಗುತ್ತದೆ, ಮುಕ್ತಾಯವಂತೂ ಕಥೆ ನಡುವೆ ಕಡಿದಂತಿದೆ ಎಂದು ಅವನು ಹೇಳಿದ. 2003ರ ‘ಪ್ರಿನ್ಸ್ ಆಫ್ ಪರ್ಷಿಯಾ’ದಲ್ಲಿ ಗೋಡೆಯ ಮೇಲೆ ಓಡಿದ ಸುಖ ಇಲ್ಲಿಲ್ಲ ಎಂಬುದು ಅವನ ತೀರ್ಮಾನ.

ಇದು ಇಬ್ಬರು ಹುಡುಗರ ಜಗಳ ಮಾತ್ರವಲ್ಲ. ಆಟ ಹೊರಬಂದಂದಿನಿಂದ ಅನೇಕ ವಿಮರ್ಶಕರೂ ಆಟಗಾರರೂ ಹೆಚ್ಚುಕಡಿಮೆ ಇದೇ ಎರಡು ಮಾತುಗಳನ್ನು ಆಡಿದ್ದಾರೆ: ಚಿತ್ರ, ವಾಸ್ತು, ಸಂಗೀತಗಳಿಗೆ ಮೆಚ್ಚುಗೆ; ಕಾಳಗ ಮತ್ತು ಮುಕ್ತಾಯಕ್ಕೆ ಆಕ್ಷೇಪ. ಈ ಭಿನ್ನತೆಯನ್ನು ಅಭಿಮಾನ ಮತ್ತು ವಸ್ತುನಿಷ್ಠತೆಗಳ ನಡುವಿನ ಘರ್ಷಣೆಯೆಂದು ವಿವರಿಸುವುದು ಸುಲಭ. ‘ನಮ್ಮ ಕಥೆ’ ಎಂಬ ಕಾರಣಕ್ಕೆ ಮೆಚ್ಚುವವರು ಒಂದು ಕಡೆ, ಜಗತ್ತಿನ ಅಳತೆಗೋಲು ಹಿಡಿದವರು ಇನ್ನೊಂದು ಕಡೆ ಎಂದು ವಿಂಗಡಿಸಿಬಿಡಬಹುದು. ಆದರೆ ಈ ವಿವರಣೆ ಸಾಲದು. ಮೆಚ್ಚಿದವನು ಮೆಚ್ಚಿದ್ದು ನೋಡುವುದನ್ನು. ಆಕ್ಷೇಪಿಸಿದವನು ಆಕ್ಷೇಪಿಸಿದ್ದು ಮಾಡುವುದನ್ನು. ಇಬ್ಬರೂ ಒಂದೇ ಆಟದ ಎರಡು ಬೇರೆ ಭಾಗಗಳ ಬಗ್ಗೆ ಮಾತನಾಡುತ್ತಿದ್ದರು. ಇಬ್ಬರ ಮಾತೂ ನಿಜವೇ ಆಗಿತ್ತು.

ಇದನ್ನು ನನಗೆ ಸ್ಪಷ್ಟಪಡಿಸಿದ್ದು ಹುಡುಗನ ಅಜ್ಜಿಯ ಒಂದು ಪ್ರಶ್ನೆ. ಚಾಮುಂಡಿ ಬೆಟ್ಟದ ಮಹಿಷನ ಪ್ರತಿಮೆಯನ್ನು ಚಿಕ್ಕಂದಿನಿಂದ ನೋಡುತ್ತ ಬಂದ ಅವರಿಗೆ ದುರ್ಗೆಯ ಕಥೆ ಹೊಸದಲ್ಲ. ಪರದೆಯನ್ನು ಸ್ವಲ್ಪ ಹೊತ್ತು ನೋಡಿ ಅವರು ಕೇಳಿದರು: “ಅಲ್ಲ ಕಣ್ ಮಗ, ಯುದ್ಧ ಮಾಡ್ದೋಳು ಆ ತಾಯಿನೋ, ಈ ಹುಡ್ಗಿನೋ?” ಹುಡುಗ ನಕ್ಕು ಸುಮ್ಮನಾದ. ಈ ಪ್ರಶ್ನೆಯಲ್ಲಿ ಆಟದ ವಿಮರ್ಶೆಗೆ ಬೇಕಾದ ಮುಖ್ಯ ಸೂತ್ರವಿದೆ. ಪುರಾಣದ ಯುದ್ಧ ಗೋಡೆಯ ಮೇಲೆ ನಡೆದು ಮುಗಿದಿದೆ. ಹುಡುಗಿಯ ಯುದ್ಧ ಗೋಡೆಯ ಮುಂದೆ ನಡೆಯುತ್ತಿದೆ. ಒಂದಕ್ಕೂ ಇನ್ನೊಂದಕ್ಕೂ ನಡುವೆ ಕ್ರಿಯೆಯ ಸಂಬಂಧ ತೆಳುವಾಗಿದೆ.

3

ಕಥೆ ಆಟದ ನಿಯಮದಲ್ಲಿಯೇ ಇಳಿದುಬರುವುದು ಸಾಧ್ಯವೇ ಎಂಬ ಪ್ರಶ್ನೆಗೆ ಉತ್ತರ ಮೈಸೂರಿನಲ್ಲಿಯೇ ದೊರೆಯುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಆಟಗಳ ಬಗ್ಗೆ ಅಸಾಧಾರಣ ಆಸಕ್ತಿ ಹೊಂದಿದ್ದರು. ಅವರ ಆಶ್ರಯದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ಯ ಒಂಬತ್ತನೆಯ ಭಾಗವಾದ ಕೌತುಕನಿಧಿಯಲ್ಲಿ ಆಟಗಳ ನಿರೂಪಣೆಯಿದೆ. ಗಂಜೀಫಾ ಎಲೆಗಳ ಆಟಕ್ಕೆ ಮೈಸೂರಿನ ಆಸ್ಥಾನ ವಿಶಿಷ್ಟ ವಿಸ್ತಾರವನ್ನು ನೀಡಿತು.

ಭಾರತದ ಹಲವೆಡೆ ಪ್ರಚಲಿತವಾಗಿದ್ದ ದಶಾವತಾರ ಗಂಜೀಫಾವನ್ನು ಇಲ್ಲಿ ಗಮನಿಸಬಹುದು. ಅದರಲ್ಲಿ ಹತ್ತು ಅವತಾರಗಳಿಗೆ ಹತ್ತು ಪಂಗಡಗಳು. ಪ್ರತಿ ಪಂಗಡದಲ್ಲಿ ಹನ್ನೆರಡರಂತೆ ಒಟ್ಟು 120 ಎಲೆಗಳು. ಎಲೆಗಳ ಮೇಲಿನ ಚಿತ್ರ ಎಷ್ಟೇ ಸುಂದರವಾಗಿದ್ದರೂ ಅದಕ್ಕಿಂತ ಮುಖ್ಯವಾದುದು ನಿಯಮ. ಹಗಲಿನಲ್ಲಿ ಆಡಿದರೆ ರಾಮನ ರಾಜ ಎಲೆಯನ್ನು ಹಿಡಿದವನು ಆಟ ಆರಂಭಿಸಬೇಕು. ರಾತ್ರಿಯಾದರೆ ಕೃಷ್ಣನ ಎಲೆ ಹಿಡಿದವನು. ಐದು ಪಂಗಡಗಳಲ್ಲಿ ಸಂಖ್ಯೆ ಏರಿದಂತೆ ಬೆಲೆ ಏರುತ್ತದೆ. ಉಳಿದ ಐದರಲ್ಲಿ ಸಂಖ್ಯೆ ಏರಿದಂತೆ ಬೆಲೆ ಇಳಿಯುತ್ತದೆ. ಇಲ್ಲಿ ಅವತಾರವೆಂಬುದು ಅಲಂಕಾರವಲ್ಲ. ಯಾವ ದೇವರು, ಯಾವ ಹೊತ್ತು ಎಂಬುದನ್ನು ಅರಿಯದೆ ಆಟಗಾರ ಒಂದು ಎಲೆಯನ್ನೂ ಹಾಕಲಾರ.

ಇದು ಅರಮನೆಯ ಆಟ, ಜನಸಾಮಾನ್ಯರಿಗೆ ಸಲ್ಲುವುದಿಲ್ಲ ಎಂಬ ಆಕ್ಷೇಪ ಬರಬಹುದು. ಜಗುಲಿಯ ಕಲ್ಲಿನ ಮೇಲೆ ಗೆರೆ ಕೊರೆದು ಆಡುವ ಹುಲಿ–ಕುರಿ ಆಟದಲ್ಲಿಯೂ ಇದೇ ಗುಣವಿದೆ. ಹುಲಿ ಹಾರಿ ಕೊಲ್ಲುತ್ತದೆ. ಕುರಿಗೆ ಆ ಶಕ್ತಿಯಿಲ್ಲ. ಆದರೆ ಕುರಿಗಳು ಒಟ್ಟಾಗಿ ನಿಂತು ಹುಲಿಗೆ ದಾರಿಯೇ ಇಲ್ಲದಂತೆ ಮಾಡಿ ಗೆಲ್ಲುತ್ತವೆ. ಬಲಹೀನರ ಒಗ್ಗಟ್ಟಿನ ಕಥೆಯನ್ನು ಯಾವ ನಿರೂಪಕನೂ ಹೇಳಬೇಕಾಗಿಲ್ಲ. ಆಡುವವನ ಬೆರಳೇ ಅದನ್ನು ಹೇಳುತ್ತದೆ.

4

ಈ ಅಳತೆಯಿಂದ ‘ರಾಜಿ’ಯನ್ನು ನೋಡಿದಾಗ ಅದರ ಗುಣದೋಷಗಳೆರಡೂ ಹೆಚ್ಚು ನಿಖರವಾಗಿ ತೋರುತ್ತವೆ. ಆಟದ ನಡುವೆ ಬರುವ ಮಂಡಲಗಳ ಒಗಟುಗಳಲ್ಲಿ ಆಟಗಾರ ವೃತ್ತಗಳನ್ನು ತಿರುಗಿಸಿ ಚಿತ್ರವನ್ನು ಪೂರ್ಣಗೊಳಿಸುತ್ತಾನೆ. ಆಗ ಅಕ್ಕತಮ್ಮಂದಿರ ಹಿಂದಿನ ಬದುಕು ಮೂಡುತ್ತದೆ. ಒಗಟು ಬಹಳ ಸುಲಭವೆಂದು ಗೆಳೆಯ ತಳ್ಳಿಹಾಕಿದ. ಆದರೆ ನೆನಪನ್ನು ಕೈಯಿಂದ ಜೋಡಿಸುವ ಈ ಕ್ರಿಯೆಯಲ್ಲಿ ಕಥೆಯೂ ಆಟವೂ ಒಂದಾಗಿವೆ ಎಂಬುದನ್ನು ಮರೆಯಬಾರದು. ಕಂಬ ಹಿಡಿದು ಸುತ್ತುವ, ಗೋಡೆಗೆ ಒದ್ದು ಚಿಮ್ಮುವ ಹೋರಾಟದ ಚಲನೆಗಳೂ ದೊಂಬರಾಟ ಬಲ್ಲ ಹುಡುಗಿಗೆ ಸಹಜವಾದವು. ಈ ಎರಡೂ ಆಟದ ನಿಜವಾದ ಸಾಧನೆಗಳು.

ಕಾಳಗದ ಉಳಿದ ಭಾಗಕ್ಕೆ ಈ ಮಾತು ಸಲ್ಲುವುದಿಲ್ಲ. ತ್ರಿಶೂಲ ದುರ್ಗೆಯದು, ಆದರೆ ಅದಕ್ಕೆ ಸೇರುವ ಮಿಂಚು ಮೊದಲಾದ ಶಕ್ತಿಗಳು ಬೇರಾವ ಆಟದ ಯಾವ ಆಯುಧಕ್ಕೂ ಸೇರಬಹುದಾದವು. ತ್ರಿಶೂಲದ ಬದಲು ಈಟಿ ಇದ್ದಿದ್ದರೂ ಆಟಗಾರ ಮಾಡುವ ಕೆಲಸ ಬದಲಾಗುತ್ತಿರಲಿಲ್ಲ. ಕಥೆಯ ಭಾಗಗಳನ್ನು ತೊಗಲು ಗೊಂಬೆಯಾಟದ ರೀತಿಯ ನೆರಳಿನಲ್ಲಿ ತೋರಿಸಿರುವುದು ಸೊಗಸಾಗಿದ್ದರೂ, ಆ ಹೊತ್ತಿನಲ್ಲಿ ಆಟಗಾರ ಪ್ರೇಕ್ಷಕನಾಗಿ ಕುಳಿತಿರುತ್ತಾನೆ.

ಇದಕ್ಕೆ ಚಾರಿತ್ರಿಕ ಕಾರಣವೂ ಇರಬಹುದೆಂದು ತೋರುತ್ತದೆ. ಭಾರತದ ಗೇಮ್ ಉದ್ಯಮದ ಆರಂಭದ ಹೆಸರುಗಳಲ್ಲೊಂದು ಬೆಂಗಳೂರಿನ ಧ್ರುವ ಇಂಟರಾಕ್ಟಿವ್. 1997ರಲ್ಲಿ ರಾಜೇಶ್ ರಾವ್ ಸ್ಥಾಪಿಸಿದ ಈ ಸಂಸ್ಥೆ ವಿದೇಶಿ ಆಟಗಳಿಗೆ ಚಿತ್ರಕಲೆಯ ಕೆಲಸ ಮಾಡಿಕೊಟ್ಟು ಹೆಸರು ಗಳಿಸಿತು. 2019ರಲ್ಲಿ ರಾಕ್‌ಸ್ಟಾರ್ ಗೇಮ್ಸ್ ಅದನ್ನು ಕೊಂಡಿತು. ದೀರ್ಘಕಾಲ ನಮ್ಮ ಕಲಾವಿದರು ಬಣ್ಣ, ಆಕಾರಗಳನ್ನು ನೀಡಿದರು. ಆಟದ ನಿಯಮ ಬೇರೆಡೆ ನಿರ್ಧಾರವಾಗುತ್ತಿತ್ತು. ಇಂಥ ಉದ್ಯಮದ ವಾತಾವರಣದಲ್ಲಿ ಚಿತ್ರ ಮೊದಲು ಪಕ್ವವಾಗಿ, ನಿಯಮ ಹಿಂದುಳಿಯುವುದು ಆಶ್ಚರ್ಯವಲ್ಲ. ಹಾಗೆಂದು ಅದನ್ನು ಮುಚ್ಚಿಡುವುದೂ ಸರಿಯಲ್ಲ.

ಭಾಷೆಯ ಪ್ರಶ್ನೆಯೂ ಇದಕ್ಕೆ ಹೊಂದಿಕೊಂಡಿದೆ. ಮೊದಲು ಬಂದಾಗ ದೇವತೆಗಳು ಇಂಗ್ಲಿಷಿನಲ್ಲಿ ಮಾತನಾಡಿದರು. 2022ರ ಪರಿಷ್ಕೃತ ಆವೃತ್ತಿಯಲ್ಲಿ ಹಿಂದಿ ಧ್ವನಿ ಸೇರಿತು. ಕುಂಬಾರಕೊಪ್ಪಲಿನ ಅಜ್ಜಿಗೆ ಇವೆರಡೂ ಮನೆಮಾತಲ್ಲ. ಮುಂದೆ ಕನ್ನಡದಲ್ಲಿ ಇಂಥ ಆಟ ಬರಬೇಕೆಂದು ಆಶಿಸುವಾಗ ಧ್ವನಿಯನ್ನಷ್ಟೇ ಬದಲಿಸಿದರೆ ಸಾಕೆಂಬ ಭ್ರಮೆ ಬೇಡ. ಮಾತು ಕನ್ನಡವಾಗಿ ಆಟ ಹಾಗೆಯೇ ಉಳಿದರೆ ಅಜ್ಜಿಯ ಪ್ರಶ್ನೆಯೂ ಹಾಗೆಯೇ ಉಳಿಯುತ್ತದೆ.

ಒಟ್ಟಿನಲ್ಲಿ, ‘ರಾಜಿ’ಯ ಬಗೆಗಿನ ಮೆಚ್ಚುಗೆ ಮತ್ತು ಆಕ್ಷೇಪಗಳನ್ನು ಕೂಡಿಸಿ ಸರಾಸರಿ ತೆಗೆದು ‘ಸಾಧಾರಣ ಆಟ’ ಎನ್ನುವುದು ವಿಮರ್ಶೆಯಲ್ಲ. ಅದು ನೋಟದಲ್ಲಿ ಶ್ರೇಷ್ಠವಾಗಿ, ಕೆಲವು ಕಡೆ ಕ್ರಿಯೆಯಲ್ಲಿಯೂ ಸಾರ್ಥಕವಾಗಿ, ಕಾಳಗದ ಬಹುಭಾಗದಲ್ಲಿ ಎರವಲಿನ ನಿಯಮಕ್ಕೆ ಒಳಪಟ್ಟ ಕೃತಿ. ಪುರಾಣವಸ್ತುವಿನ ಗೌರವ ಈ ಮಾತನ್ನು ಆಡದಂತೆ ನಮ್ಮನ್ನು ತಡೆಯಬಾರದು. ಗಂಜೀಫಾವನ್ನು ಮೈಸೂರಿನ ಕಲಾಪರಂಪರೆಯೆಂದು ಸಂಗ್ರಹಾಲಯಗಳಲ್ಲಿ ಕಾಪಾಡಿಕೊಂಡು ಬಂದಿದ್ದೇವೆ. ಅದರ ಚಿತ್ರಗಳ ಜೊತೆಗೆ ನಿಯಮಗಳನ್ನೂ ಅಧ್ಯಯನ ಮಾಡುವ ಕೆಲಸ ಸಂಶೋಧಕರಿಂದ ಆಗಬೇಕಾಗಿದೆ. ಮುಂದಿನ ಆಟವನ್ನು ರೂಪಿಸುವವರಿಗೆ ಗೋಡೆಯ ಮೇಲಿನ ದೇವರಿಗಿಂತ ಆ ನಿಯಮಗಳೇ ಹೆಚ್ಚು ಉಪಯೋಗಕ್ಕೆ ಬಂದಾವು.